ಮುನೀಂದ್ರ ಕೊಯ್ಯದೆ ಬಿಟ್ಟ ಬೆಂಡು

ನನಗೆ ಈಜು ಕಲಿಸಿದವನು ಮುನೀಂದ್ರ. ೧೯೯೪ರ ಬೇಸಿಗೆಯಲ್ಲಿ, ಹೊಂಗೇನಹಳ್ಳಿ ಕೆರೆಯಲ್ಲಿ, ಹನ್ನೊಂದು ಭಾನುವಾರ ಕಲಿಸಿದ. ಹನ್ನೆರಡನೆಯ ಭಾನುವಾರ ನಾನು ಹೋಗಲಿಲ್ಲ. ಹದಿಮೂರನೆಯದಕ್ಕೂ ಹೋಗಲಿಲ್ಲ. ಮತ್ತೆ ಆ ಕೆರೆಯ ಕಡೆ ತಲೆ ಹಾಕಿದ್ದು ೨೦೦೫ರಲ್ಲಿ, ಅದೂ ಅವನನ್ನು ನೋಡಬೇಕೆಂದಲ್ಲ, ಪಕ್ಕದ ಲೇಔಟಿನಲ್ಲಿ ಒಂದು ಸೈಟು ನೋಡಬೇಕೆಂದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಯಾರನ್ನಾದರೂ ಬೈದರೆ ಆ ಬೈಗುಳದಲ್ಲಿ ನನಗೂ ಪಾಲಿದೆ ಎಂದು ತಿಳಿದುಕೊಳ್ಳಿ.

ಹೊಂಗೇನಹಳ್ಳಿ ಕೆರೆ ಇರುವುದು ಕೆ.ಆರ್. ಪುರಂ ದಾಟಿ ನಾಲ್ಕೈದು ಕಿಲೋಮೀಟರು ಆಚೆ. ಆಗ ಅದು ಪೂರ್ತಿ ಹಳ್ಳಿ. ಬಸ್ಸು ಇಳಿದು ಹುಣಸೆಮರದ ಸಾಲಿನಲ್ಲಿ ಕಾಲು ಗಂಟೆ ನಡೆದರೆ ಕೆರೆಯ ಏರಿ, ಅದನ್ನು ಹತ್ತಿದರೆ ನೀರು. ಜೀವನ್ ಬಿಮಾ ನಗರ, ಇಂದಿರಾನಗರ, ಹಲಸೂರು ಕಡೆಯಿಂದ ನಮ್ಮಂಥವರು ಭಾನುವಾರ ಬರುತ್ತಿದ್ದೆವು. ಚಿತ್ರಾನ್ನದ ಡಬ್ಬಿ, ಶಟಲ್ ಬ್ಯಾಟು, ಕಾಮೆಂಟರಿಗೆ ಟ್ರಾನ್ಸಿಸ್ಟರು, ನೆಲಕ್ಕೆ ಹಾಸಲು ಹಳೆಯ ಜಮಖಾನ. ಗಾಳ ಹಾಕುವವರು ಗಾಳ ಹಾಕುತ್ತಿದ್ದರು, ಮೀನಿಗಿಂತ ಹೆಚ್ಚಾಗಿ ಪಾಚಿ ಹಿಡಿಯುತ್ತಿದ್ದರು. ಹೆಂಗಸರು ನೀರಿಗೆ ಕಾಲು ಇಳಿಬಿಟ್ಟು ಮನೆ ಕೆಲಸದವಳ ಬಗ್ಗೆ ಮಾತಾಡುತ್ತಿದ್ದರು. ಒಬ್ಬರಾದರೂ, ‘ಇಲ್ಲಿ ಮೊಸಳೆ ಇದ್ಯಾ?’ ಎಂದು ಕೇಳುತ್ತಿದ್ದರು. ಸಂಜೆ ಉಂಡ ಎಲೆ, ಕಾಗದ ಎಲ್ಲವನ್ನೂ ಅಲ್ಲೇ ಬಿಟ್ಟು, ‘ಆಹಾ, ಎಂಥ ಶಾಂತಿ’ ಎಂದು ಹೇಳಿ ಬಸ್ಸು ಹತ್ತುತ್ತಿದ್ದೆವು. ಮಾರನೆಯ ದಿನ ಆ ಎಲೆಗಳನ್ನು ಆಯುತ್ತಿದ್ದವನು ಮುನೀಂದ್ರ. ಹಾಗೆ ಆಯಲು ಅವನಿಗೆ ಯಾರೂ ಹೇಳಿರಲಿಲ್ಲ.

ಅವನದು ನೀರಗಂಟಿ ಮನೆತನ. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ತೀರ್ಮಾನ ಮಾಡಿ ಬಿಡುವ ಕೆಲಸ. ಅಪ್ಪ, ತಾತ, ಮುತ್ತಾತ ಎಲ್ಲರೂ ಅದನ್ನೇ ಮಾಡಿದ್ದರು. ಮುನೀಂದ್ರನ ಸರದಿ ಬರುವ ಹೊತ್ತಿಗೆ ನೀರಿತ್ತು, ತೂಬಿತ್ತು, ಗದ್ದೆ ಮಾತ್ರ ಇರಲಿಲ್ಲ. ಊರವರೆಲ್ಲ ಲೇಔಟಿಗೆ ಕೊಟ್ಟಿದ್ದರು. ಅವನ ಅಣ್ಣ ರಾಮಾಂಜಿನಪ್ಪನೂ ಮನೆಯ ಪಾಲಿನ ಗದ್ದೆಯನ್ನು ಕೊಟ್ಟು, ಬಾಣಸವಾಡಿಯಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸಿ, ಕೆಳಗಿನ ರೂಮುಗಳನ್ನು ಬಾಡಿಗೆಗೆ ಬಿಟ್ಟುಕೊಂಡು ಹಾಯಾಗಿದ್ದ. ತಮ್ಮನಿಗೂ ಒಂದು ರೂಮು ಇಟ್ಟಿದ್ದ. ಮುನೀಂದ್ರ ಹೋಗಲಿಲ್ಲ. ತಾಯಿ ದೊಡ್ಡಮುನಿಯಮ್ಮ ೧೯೯೧ರಲ್ಲಿ ತೀರಿಕೊಂಡ ಮೇಲೆ ಏರಿಯ ಕೊನೆಯ ಹೆಂಚಿನ ಮನೆಯಲ್ಲಿ ಒಬ್ಬನೇ ಉಳಿದ. ಒಂದು ಸಂಬಂಧ ಕೂಡಿ ಬಂದಿತ್ತಂತೆ. ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಮುಂದೆ ನೀರು, ಹಿಂದೆ ಖಾಲಿ ಸೈಟುಗಳು, ಕರೆದರೆ ಓಗೊಡಲು ಒಂದು ನೆರೆಮನೆಯೂ ಇಲ್ಲ. ಕಾಫಿ ಕುಡಿದು ಎದ್ದು ಹೋದವರು ಮತ್ತೆ ಮಾತೆತ್ತಲಿಲ್ಲ. ಅವರ ತಪ್ಪೇನೂ ಇಲ್ಲ ಬಿಡಿ.

ಈಜು ಕಲಿಸುವುದು ಅವನಿಗೆ ತಾನಾಗಿಯೇ ಅಂಟಿಕೊಂಡ ಕೆಲಸ. ಒಂದು ಭಾನುವಾರ ಯಾರೋ ಹಲಸೂರಿನವನು ಆಳಕ್ಕೆ ಹೋಗಿ ಕೈಕಾಲು ಬಡಿದ. ಇವನು ಹಾರಿ ಎಳೆದು ತಂದ. ತಂದು ಅವನ ಕೆನ್ನೆಗೆ ಒಂದು ಬಿಟ್ಟು, ‘ಮುಂದಿನ್ ವಾರ ಬಾ, ಕಲಿಸ್ತೀನಿ’ ಅಂದನಂತೆ. ಅಲ್ಲಿಂದ ಶುರು.

ಅವನು ಕಲಿಸುವ ಕ್ರಮವನ್ನು ಇಲ್ಲಿ ಸರಿಯಾಗಿ ಹೇಳಬೇಕು, ಏಕೆಂದರೆ ಎಲ್ಲ ಆದದ್ದು ಅದರಿಂದಲೇ. ಕತ್ತಾಳೆ ಗಿಡ ಹೂ ಬಿಟ್ಟು ಸತ್ತ ಮೇಲೆ ಅದರ ನಡುವಿನ ದಂಟು ಒಣಗಿ ನಿಲ್ಲುತ್ತದಲ್ಲ, ಅದನ್ನು ಕಡಿದು ತಂದರೆ ಬೆಂಡು. ಮರದ ಗಾತ್ರ, ಹತ್ತಿಯ ತೂಕ. ಮೊಳದುದ್ದದ ತುಂಡುಗಳನ್ನು ಜೋಡಿಸಿ ತೆಂಗಿನ ಹಗ್ಗದಲ್ಲಿ ಕಲಿಯುವವನ ಬೆನ್ನಿಗೆ ಬಿಗಿಯುತ್ತಿದ್ದ. ಬೆಂಡು ಕಟ್ಟಿದವನು ಮುಳುಗಬೇಕೆಂದರೂ ಮುಳುಗಲಾರ. ಇಷ್ಟು ಎಲ್ಲ ಊರಿನಲ್ಲೂ ಉಂಟು. ಮುನೀಂದ್ರನ ಮನೆಯ ಪದ್ಧತಿ ಇದಕ್ಕೆ ಮುಂದಿನದು. ಪ್ರತಿ ಶನಿವಾರ ಸಂಜೆ ಬೆಂಡನ್ನು ತೊಡೆಯ ಮೇಲಿಟ್ಟುಕೊಂಡು ಮಚ್ಚಿನಿಂದ ಒಂದು ಬೆರಳಿನಷ್ಟು ಕೊಯ್ದು ತೆಗೆಯುತ್ತಿದ್ದ. ಕಲಿಯುವವನಿಗೆ ಹೇಳುವಂತಿಲ್ಲ. ಬೆಂಡು ಬೆನ್ನ ಹಿಂದೆ ಇರುವುದರಿಂದ ಅವನಿಗೆ ಕಾಣುವಂತಿಲ್ಲ. ಕಟ್ಟುವುದು, ಬಿಚ್ಚುವುದು, ಒಣಗಿಸುವುದು ಎಲ್ಲ ಇವನೇ. ವಾರ ವಾರಕ್ಕೆ ಬೆಂಡು ತೆಳುವಾಗುತ್ತಿತ್ತು, ಕಲಿಯುವವನ ಕಾಲು ಅಷ್ಟಷ್ಟೇ ನೀರು ಹಿಡಿಯುತ್ತಿತ್ತು. ಹನ್ನೊಂದನೆಯ ವಾರ ಉಳಿಯುತ್ತಿದ್ದುದು ಒಂದು ಹಪ್ಪಳದಷ್ಟು. ಅದನ್ನು ಬಿಚ್ಚಿ ಮುಖದ ಮುಂದೆ ಹಿಡಿದು, ‘ಇದು ಒಂದ್ ಕಪ್ಪೇನೂ ತೇಲಿಸಲ್ಲ. ಇವತ್ತು ಈಜಿದ್ದು ನೀವೇ’ ಎಂದು ನಗುತ್ತಿದ್ದ.

ಆ ಮಾತು ಕೇಳಿದ ದಿನ ನನಗೆ ಆದ ಖುಷಿಯನ್ನು ಈಗಲೂ ಮೈಯಲ್ಲಿ ಹುಡುಕಿದರೆ ಸಿಗುತ್ತದೆ. ಮದುವೆಯ ದಿನವೂ ಅಷ್ಟು ಖುಷಿಯಾಗಿರಲಿಲ್ಲ, ಹೆಂಡತಿಗೆ ಹೇಳಬೇಡಿ. ಅವನ ಕೈ ಕುಲುಕಿದೆ, ‘ಬರ್ತಾ ಇರ್ತೀನಿ ಮುನೀಂದ್ರಣ್ಣ’ ಅಂದೆ, ಬಸ್ಸು ಹತ್ತಿದೆ. ಮುಗಿಯಿತು. ಎಲ್ಲರೂ ಹಾಗೆಯೇ ಅಂದು ಹಾಗೆಯೇ ಹೋದವರು. ಅವನ ಕಸುಬೇ ಅಂಥದ್ದು. ಚೆನ್ನಾಗಿ ಮಾಡಿದಷ್ಟೂ ಜನ ಬೇಗ ಬಿಟ್ಟುಹೋಗುತ್ತಿದ್ದರು.

೨೦೦೫ರಲ್ಲಿ ನಾನು ಹೋದಾಗ ಕೆರೆಯಲ್ಲಿ ನೀರಿಗಿಂತ ಜೊಂಡು ಹೆಚ್ಚಿತ್ತು, ಒಂದು ಮೂಲೆಯಲ್ಲಿ ನೊರೆ ಎದ್ದಿತ್ತು. ಈಜುವವರು ಯಾರೂ ಇರಲಿಲ್ಲ. ಮುನೀಂದ್ರ ಏರಿಯ ಮೇಲೆ ಕುಳಿತಿದ್ದ, ಗಡ್ಡ ಬೆಳ್ಳಗಾಗಿತ್ತು. ಗುರುತು ಹಿಡಿದ. ‘ಆನಂದ್ ಅಲ್ವಾ? ಬಿಮಾ ನಗರ. ಎಡಗಾಲು ಸೋಮಾರಿ ನಿಮ್ದು’ ಅಂದ. ನನಗೆ ನಾಚಿಕೆಯಾಯಿತು. ಅವನಿಗೆ ನನ್ನ ಎಡಗಾಲು ನೆನಪಿತ್ತು, ನಾನು ಆ ಹನ್ನೊಂದು ವರ್ಷ ಅವನ ಹೆಸರು ಎತ್ತಿದವನಲ್ಲ. ಸೈಟು ತೋರಿಸುವವನು ಅತ್ತ ಕಾಯುತ್ತಿದ್ದ, ಕಾಯಲಿ ಎಂದು ನಾನು ಕುಳಿತೆ. ಆಗ ಅವನು ಹೇಳಿದ್ದು ಅಜ್ಮತ್ ಸಾಹೇಬರ ವಿಷಯ. ನಾನು ಕೇಳಿ ತೆಗೆಸಿದ್ದಲ್ಲ, ಅವನಾಗಿಯೇ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಜ್ಮತ್ ಸಾಹೇಬರು ಬಂದದ್ದು ೧೯೯೮ರ ಜನವರಿಯಲ್ಲಿ. ಶಿವಾಜಿನಗರದವರು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಒಂದು ಓಣಿಯಲ್ಲಿ ರಫೂ ಕೆಲಸ. ಹರಿದ ಸೂಟು, ಇಲಿ ಕಡಿದ ರೇಷ್ಮೆ ಸೀರೆ, ಸಿಗರೇಟು ಸುಟ್ಟ ಕೋಟು, ಯಾವುದನ್ನೇ ಕೊಟ್ಟರೂ ಅದೇ ಬಟ್ಟೆಯ ಅಂಚಿನಿಂದ ನೂಲು ತೆಗೆದು, ತೂತು ಇದ್ದದ್ದೇ ಗೊತ್ತಾಗದಂತೆ ನೇಯ್ದು ಮುಚ್ಚಿಕೊಡುವವರು. ವಯಸ್ಸು ಐವತ್ತನಾಲ್ಕು. ಹೆಂಡತಿ ಕಮರುನ್ನೀಸಾ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು ಉಮ್ಮೆ ಕುಲ್ಸುಂಳನ್ನು ಭಟ್ಕಳಕ್ಕೆ ಕೊಟ್ಟಿದ್ದರು. ಎರಡು ಮೊಮ್ಮಕ್ಕಳು. ಪ್ರತಿ ಶುಕ್ರವಾರ ಎಸ್‌ಟಿಡಿ ಬೂತಿನಿಂದ ಫೋನು. ಒಂದು ಶುಕ್ರವಾರ ದೊಡ್ಡ ಮೊಮ್ಮಗ ತಾತನನ್ನು, ‘ನಾನಾ, ಮೇ ತಿಂಗಳು ಬಾ, ಸಮುದ್ರಕ್ಕೆ ಹೋಗೋಣ, ನಿನಗೆ ಈಜು ಬರುತ್ತಲ್ಲ?’ ಎಂದು ಕೇಳಿದ. ಇವರು, ‘ಹ್ಞಾಂ, ಬರುತ್ತೆ’ ಎಂದುಬಿಟ್ಟರು. ಮಗುವಿಗೆ ಹೇಳಿದ ಆ ಒಂದು ಸುಳ್ಳನ್ನು ನಿಜ ಮಾಡಲು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಹೊಂಗೇನಹಳ್ಳಿಗೆ ಬಂದಿದ್ದರು.

‘ಮೇ ತಿಂಗಳೊಳಗೆ ಆಗುತ್ತಾ, ಉಸ್ತಾದ್?’ ಎಂದು ಮೊದಲ ದಿನವೇ ಕೇಳಿದರು.

‘ಏಪ್ರಿಲ್‌ಗೇ ಆಗುತ್ತೆ ಸಾಬ್ರೇ.’

ಮುನೀಂದ್ರನನ್ನು ಅದುವರೆಗೆ ಯಾರೂ ಉಸ್ತಾದ್ ಅಂದಿರಲಿಲ್ಲ. ನಾವೆಲ್ಲ ಅಣ್ಣ ಅಂದಿದ್ದೆವು, ಗುರು ಅಂದಿದ್ದೆವು. ಆ ಗುರು ಎನ್ನುವುದು ಆಟೋದವನಿಗೂ ಅನ್ನುವ ಗುರು. ಸಾಹೇಬರು ಅಂದದ್ದು ಹಾಗಲ್ಲ. ನೀರಿಗೆ ಇಳಿಯುವ ಮುಂಚೆ ಅವನ ಕಡೆ ತಿರುಗಿ ಸ್ವಲ್ಪ ತಲೆ ಬಾಗಿಸಿ, ಆಮೇಲೆ ಇಳಿಯುತ್ತಿದ್ದರು.

ಉಳಿದವರು ಪಾಠ ಮುಗಿದ ಕೂಡಲೇ ತಮ್ಮ ಗುಂಪಿಗೆ, ಚಿತ್ರಾನ್ನದ ಡಬ್ಬಿಗೆ ಓಡುತ್ತಿದ್ದರು. ಸಾಹೇಬರಿಗೆ ಗುಂಪೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಎರಡನೆಯ ವಾರ ಮುನೀಂದ್ರ, ‘ಮುದ್ದೆ ತಿಂತೀರಾ?’ ಎಂದು ಕೇಳಿದ. ‘ನಾನು ಬೆಂಗಳೂರ್‌ನವನು ಉಸ್ತಾದ್, ಮುದ್ದೆ ತಿನ್ನದೆ ಇರ್ತೀನಾ?’ ಎಂದರು. ಮೂರನೆಯ ವಾರದಿಂದ ಅವರು ಫ್ಲಾಸ್ಕಿನಲ್ಲಿ ಹಾಲಿಲ್ಲದ ಸುಲೇಮಾನಿ ಚಹಾ ತರುವುದು, ಇವನು ಮುದ್ದೆ, ಬಸ್ಸಾರು ಮಾಡಿಡುವುದು ರೂಢಿಯಾಯಿತು. ಉಂಡ ಮೇಲೆ ಬಾಗಿಲ ಮುಂದಿನ ಜಗಲಿಯಲ್ಲಿ ಸಂಜೆಯ ಬಸ್ಸಿನ ತನಕ ಮಾತು. ಸಾಹೇಬರು ಹೆಂಡತಿಯ ವಿಷಯ ಹೇಳುತ್ತಿದ್ದರು. ಅಂಚಿನ ನೂಲು ಸಾಲದಾದಾಗ ಯಾವ ಬಣ್ಣದ್ದು ಹೊಂದುತ್ತದೆಂದು ದೀಪದ ಬೆಳಕಿನಲ್ಲಿ ಆಕೆ ಹೇಳುತ್ತಿದ್ದುದೇ ಸರಿಯಂತೆ, ಈಗ ತಮ್ಮ ಕಣ್ಣೊಂದನ್ನೇ ನಂಬಬೇಕಾಗಿದೆಯಂತೆ. ಮುನೀಂದ್ರ ತಾಯಿಯ ವಿಷಯ ಹೇಳಿದ. ಅವಳು ಹೋದ ಮೇಲೆ ಅವಳ ಹೆಸರನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ‘ಆನಂದ್, ಸೋಮವಾರದಿಂದ ಶನಿವಾರದವರ್ಗೂ ನನ್ ಬಾಯಿಗೆ ಕೆಲ್ಸಾನೇ ಇರ್ತಿರ್ಲಿಲ್ಲ. ಭಾನುವಾರ ಒಂದೇ ದಿನ’ ಅಂದ ನನ್ನ ಹತ್ತಿರ.

ನಾಲ್ಕು ಶನಿವಾರ ಕ್ರಮ ತಪ್ಪದೆ ಬೆಂಡು ಕೊಯ್ದ. ಐದನೆಯ ಶನಿವಾರ ಮಚ್ಚು ಹಿಡಿದು ಕುಳಿತವನಿಗೆ ಲೆಕ್ಕ ಹೊಳೆಯಿತು. ಇನ್ನು ಏಳು ವಾರ. ಆಮೇಲೆ ಇವರೂ ಕೈ ಕುಲುಕಿ, ಬರ್ತಾ ಇರ್ತೀನಿ ಅಂದು, ಬಸ್ಸು ಹತ್ತುತ್ತಾರೆ. ಮಚ್ಚನ್ನು ಕೆಳಗಿಟ್ಟ. ಈ ಒಂದು ವಾರ ಇರಲಿ, ಮುಂದಿನ ವಾರ ಕೊಯ್ದರಾಯಿತು ಅಂದುಕೊಂಡ. ಮುಂದಿನ ವಾರವೂ ಹಾಗೆಯೇ ಅಂದುಕೊಂಡ. ಕಲಿಸುವುದನ್ನು ಅವನು ಬಿಡಲಿಲ್ಲ. ಕೈ ಹೇಗೆ ಚಾಚಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲವನ್ನೂ ಹೇಳಿಕೊಟ್ಟ. ಮಾರ್ಚ್ ಮುಗಿಯುವ ಹೊತ್ತಿಗೆ ಸಾಹೇಬರ ಕಾಲು ಚೆನ್ನಾಗಿ ನೀರು ಹಿಡಿದಿತ್ತು. ಬೆಂಡನ್ನು ಬಿಚ್ಚಿ ಎಸೆದಿದ್ದರೂ ತೇಲುತ್ತಿದ್ದರು. ಅದು ಮುನೀಂದ್ರನಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಬೆನ್ನ ಮೇಲೆ ದಪ್ಪ ಬೆಂಡು ಒತ್ತುತ್ತಿದ್ದರೆ ಯಾರಿಗೆ ತಾನೇ ತನ್ನ ಕಾಲಿನ ಮೇಲೆ ನಂಬಿಕೆ ಬಂದೀತು?

‘ಇನ್ನೂ ಎಷ್ಟು ದಿನ, ಉಸ್ತಾದ್?’

‘ಇನ್ನೊಂದ್ ಸ್ವಲ್ಪ ಸಾಬ್ರೇ. ಅವಸರ ಮಾಡಿದ್ರೆ ನೀರು ಮುನಿಸ್ಕೊಳ್ಳುತ್ತೆ.’

ಆ ಹೊತ್ತಿಗೆ ಇಂದಿರಾನಗರದ ಒಬ್ಬ ಬ್ಯಾಂಕ್ ಆಫೀಸರು ಕಲಿಯಲು ಬಂದಿದ್ದರು. ಹೊಟ್ಟೆ ಸಾಹೇಬರದಕ್ಕಿಂತ ಎರಡರಷ್ಟು, ಸೇರಿದ್ದು ಇವರಿಗಿಂತ ನಾಲ್ಕು ವಾರ ತಡವಾಗಿ. ಅವರ ಬೆಂಡು ಕ್ರಮವಾಗಿ ತೆಳುವಾಯಿತು. ಏಪ್ರಿಲ್ ಕೊನೆಯ ಭಾನುವಾರ ಆಫೀಸರು ಬರಿ ಬೆನ್ನಿನಲ್ಲಿ ಈಜಿ ದಡ ಹತ್ತಿ, ಹೆಂಡತಿ ಮಕ್ಕಳ ಮುಂದೆ ಎದೆಯುಬ್ಬಿಸಿ ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಮತ್ ಸಾಹೇಬರೂ ತಟ್ಟಿದರು, ಬೆನ್ನಿಗೆ ಬೆಂಡು ಕಟ್ಟಿಕೊಂಡೇ. ಸಂಜೆ ಚಹಾ ಸುರಿಯುತ್ತಾ, ‘ನಂದು ಮೈಯಲ್ಲೇ ಏನೋ ಭಾರ ಐತೆ ಉಸ್ತಾದ್’ ಅಂದರು. ‘ನಿಮ್ಮ ತಪ್ಪು ಏನಿಲ್ಲ. ಕಲಿಸೋರು ಚೆನ್ನಾಗಿ ಕಲಿಸ್ತೀರಿ. ಕೆಲವರಿಗೆ ನೀರು ಬರೆದಿರಲ್ಲ, ಅಷ್ಟೇ.’

ಅವತ್ತಾದರೂ ಮುನೀಂದ್ರ ನಿಜ ಹೇಳಬಹುದಿತ್ತು. ಇನ್ನೊಬ್ಬರು ತಮ್ಮನ್ನೇ ದೂರಿಕೊಳ್ಳುವುದನ್ನು ಎದುರಿಗೆ ಕುಳಿತು ಕೇಳಿದ ಮೇಲೂ ಬಾಯಿ ಬಿಡದಿದ್ದರೆ ಅದಕ್ಕೆ ಏನನ್ನಬೇಕು? ಇದನ್ನು ನಾನು ಅವನನ್ನೇ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ. ಅವನು ಜಗಳಕ್ಕೆ ಬರಲಿಲ್ಲ. ‘ಇನ್ನೂ ಕೇಳಿ, ಬೈಯೋದಾದ್ರೆ ಆಮೇಲೆ ಒಟ್ಟಿಗೆ ಬೈಯಿರಿ’ ಅಂದ.

ಮೇ ತಿಂಗಳ ಮೊದಲ ಭಾನುವಾರ ಸಾಹೇಬರು ಎಂದಿನಂತೆ ಬಂದರು. ಮುನೀಂದ್ರನಿಗೆ ಆಶ್ಚರ್ಯ. ಊರಿಗೆ ಹೋಗಲಿಲ್ಲವೇ ಎಂದು ಕೇಳಿದ.

‘ಇಲ್ಲ. ಅಂಗಡೀಲಿ ಮದುವೆ ಸೀಸನ್ ಕೆಲಸ ಐತೆ, ಈ ಸಲ ಆಗಲ್ಲ ಅಂತ ಫೋನ್ ಮಾಡಿದೆ.’ ಚಹಾದ ಫ್ಲಾಸ್ಕನ್ನು ಜಗಲಿಯ ಮೇಲಿಟ್ಟು, ‘ಕೆಲಸ ಏನಿಲ್ಲ, ಉಸ್ತಾದ್. ಈಜು ಬರುತ್ತೆ ಅಂದಿದ್ದೀನಿ. ಹೋಗಿ ದಡದಲ್ಲಿ ನಿಂತ್ಕೊಂಡ್ರೆ ಮಕ್ಕಳು ಏನಂತಾವೆ? ಮುಂದಿನ ವರ್ಷ ಹೋಗ್ತೀನಿ, ಕಲಿತು ಹೋಗ್ತೀನಿ’ ಎಂದರು.

ಆಗ ತನಗೆ ಸಂತೋಷವಾಯಿತು ಎಂದ ಮುನೀಂದ್ರ. ಅದನ್ನು ಅವನು ನನ್ನಿಂದ ಮುಚ್ಚಿಡಲಿಲ್ಲ. ಮೊದಲು ಬಂದದ್ದು ಸಂತೋಷ, ತಪ್ಪು ಮಾಡಿದೆ ಅನ್ನಿಸಿದ್ದು ಆಮೇಲೆ. ಮೇ ತಿಂಗಳ ಐದೂ ಭಾನುವಾರ ಸಾಹೇಬರು ತನ್ನ ಜಗಲಿಯಲ್ಲೇ ಇರುತ್ತಾರೆ ಎಂದು ಮನಸ್ಸು ಆಗಲೇ ಎಣಿಸಿಬಿಟ್ಟಿತ್ತು. ಅವತ್ತಿನ ಬಸ್ಸಾರಿಗೆ ಒಂದು ಹಿಡಿ ಬೇಳೆ ಹೆಚ್ಚಿಗೆ ಹಾಕಿದ.

ಐದು ಭಾನುವಾರವೂ ಬಂದರು. ಮುನೀಂದ್ರನ ಅಂಗಿ ಭುಜದ ಹತ್ತಿರ ಜಾಲಿ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಅದನ್ನು ಜಗಲಿಯಲ್ಲೇ ಕುಳಿತು ರಫೂ ಮಾಡಿಕೊಟ್ಟರು. ಮುನೀಂದ್ರನಿಗೆ ಮನೆಯೊಳಗೆ ಇನ್ನೊಬ್ಬರ ಕೆಮ್ಮು, ಇನ್ನೊಬ್ಬರ ಚಪ್ಪಲಿ, ಇನ್ನೊಬ್ಬರ ಒದ್ದೆ ಟವೆಲು ಇರುವುದು ಒಗ್ಗಿಹೋಗಿತ್ತು. ಅಣ್ಣನ ಮನೆಯ ಗೃಹಪ್ರವೇಶಕ್ಕೂ ಹೋಗದವನು, ಇವರಿಗಾಗಿ ಕೆ.ಆರ್. ಪುರಂ ಸಂತೆಗೆ ಹೋಗಿ ಹೊಸ ಲೋಟ ತಂದ.

ಜೂನ್ ಕೊನೆಯ ಭಾನುವಾರ ಸಾಹೇಬರು ಬರಲಿಲ್ಲ. ಜ್ವರವಿರಬೇಕು ಅಂದುಕೊಂಡ. ಅದರ ಮುಂದಿನ ವಾರವೂ ಇಲ್ಲ. ಮೂರನೆಯ ವಾರ ಬೆಳಿಗ್ಗೆಯಿಂದ ಬಸ್ಸು ನಿಲ್ಲುವ ಜಾಗದಲ್ಲೇ ಕುಳಿತಿದ್ದ. ಕಲಿಯಲು ಬಂದ ಇಬ್ಬರನ್ನು, ಇವತ್ತು ನೀರು ಸರಿಯಿಲ್ಲ ಎಂದು ವಾಪಸ್ಸು ಕಳಿಸಿದ. ಮುದ್ದೆ ಮಾಡಿಟ್ಟದ್ದು ಹಾಗೆಯೇ ಆರಿತು. ತಾನು ಕಲಿಸಲಿಲ್ಲವೆಂದು ಬೇಸತ್ತು, ಅವಮಾನವಾಗಿ ಬಿಟ್ಟರು ಎನ್ನುವುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ. ಉಳಿಸಿಕೊಳ್ಳಲು ಮಾಡಿದ್ದೇ ಕಳೆದುಕೊಳ್ಳುವಂತೆ ಮಾಡಿತಲ್ಲ ಎಂದು ತಲೆ ಚಚ್ಚಿಕೊಂಡ. ನಿಜ ಹೇಳಿಬಿಟ್ಟರೆ, ಬೈದಾದರೂ ಬಂದಾರು ಅನ್ನಿಸಿತು. ಮಂಗಳವಾರ ಬೆಳಿಗ್ಗೆ ಆ ಬೆಂಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಶಿವಾಜಿನಗರದ ಬಸ್ಸು ಹತ್ತಿದ. ‘ಏನ್ ಗುರು, ಮರಾನೇ ಕಡ್ಕೊಂಡ್ ಬಂದಿದ್ದೀಯಾ? ಲಗೇಜ್ ತಗೋ’ ಎಂದ ಕಂಡಕ್ಟರು. ಎತ್ತಿ ನೋಡಿ, ತೂಕವಿಲ್ಲದ್ದು ಕಂಡು ಸುಮ್ಮನಾದ.

ಮುನೀಂದ್ರ ಅಷ್ಟು ಜನದ ನಡುವೆ ಹೋಗಿ ಎಷ್ಟೋ ವರ್ಷವಾಗಿತ್ತು. ಓಣಿ ಓಣಿ ಕೇಳಿಕೊಂಡು ಹೋದ. ಬಳೆ ಅಂಗಡಿ, ಗುಂಡಿ ಅಂಗಡಿಗಳ ನಡುವೆ ಬಾಗಿಲಗಲದ ಒಂದು ಅಂಗಡಿ. ಸಾಹೇಬರು ಕಿಟಕಿಯ ಬೆಳಕಿಗೆ ಒಂದು ಕಪ್ಪು ಕೋಟು ಹಿಡಿದು ಸೂಜಿ ಆಡಿಸುತ್ತಿದ್ದರು. ತಲೆಯೆತ್ತಿ ನೋಡಿ, ‘ಅರೇ ಉಸ್ತಾದ್!’ ಎಂದು ಸ್ಟೂಲು ಸರಿಸಿದರು. ಮುನೀಂದ್ರ ಕೂರಲಿಲ್ಲ. ಗೋಣಿ ಬಿಚ್ಚಿ ಬೆಂಡನ್ನು ಅವರ ಮುಂದಿಟ್ಟ.

ಸಾಹೇಬರು ಅದನ್ನು ಎಂದೂ ಸರಿಯಾಗಿ ನೋಡಿರಲಿಲ್ಲ. ತಿರುಗಿಸಿ ನೋಡಿದರು. ಎಳೆ ಎಳೆ ಲೆಕ್ಕ ಹಾಕುವ ಕಣ್ಣು ಅವರದು. ಕೊಯ್ದ ಗುರುತುಗಳ ಮೇಲೆ ಬೆರಳಾಡಿಸಿದರು.

‘ನಾಲ್ಕು ಸಲ ಕೊಯ್ದಿದ್ದೀರಿ.’

‘ಹ್ಞೂಂ. ಹನ್ನೊಂದು ಸಲ ಕೊಯ್ಬೇಕು ಸಾಬ್ರೇ. ವಾರಕ್ಕೊಂದ್ ಸಲ. ಆಮೇಲೆ ಬೆಂಡು ಬೇಕಾಗಲ್ಲ. ನಿಮಗೆ ಮಾರ್ಚ್‌ನಲ್ಲೇ ಈಜು ಬಂದಿತ್ತು.’

‘ಬಂದಿತ್ತಾ?’

‘ಬಂದಿತ್ತು. ನಾನೇ ಕೊಯ್ಲಿಲ್ಲ.’

‘ಯಾಕೆ?’

ಬಸ್ಸಿನಲ್ಲಿ ಎಷ್ಟೋ ಉತ್ತರ ಜೋಡಿಸಿಕೊಂಡು ಬಂದಿದ್ದ. ಅವನ್ನೆಲ್ಲ ಬಿಟ್ಟು, ‘ಕಲಿತವ್ರು ಯಾರೂ ಮತ್ತೆ ಬರಲ್ಲ ಸಾಬ್ರೇ. ಇಷ್ಟು ವರ್ಷದಲ್ಲಿ ಒಬ್ರೂ ಬಂದಿಲ್ಲ. ನೀವೂ ಬರಲ್ಲ ಅಂತ...’ ಎಂದ.

ಈ ಮಾತು ಹೇಳುವಾಗ ಏರಿಯ ಮೇಲೆ ನಾನು ಅವನ ಪಕ್ಕದಲ್ಲೇ ಕುಳಿತಿದ್ದೆ. ಒಬ್ಬರೂ ಬಂದಿಲ್ಲ ಎನ್ನುವುದರಲ್ಲಿ ನಾನೂ ಒಬ್ಬ. ಅವನು ನನ್ನನ್ನು ಚುಚ್ಚಲು ಹೇಳಲಿಲ್ಲ, ಆದರೂ ಚುಚ್ಚಿತು. ಬೈಯಲು ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ನುಂಗಿಕೊಂಡೆ.

ಸಾಹೇಬರು ಕೂಗಾಡಲಿಲ್ಲ. ಕೋಟನ್ನು ಮತ್ತೆ ಎತ್ತಿಕೊಂಡು, ಸೂಜಿಯಲ್ಲಿ ಉಳಿದಿದ್ದ ನೂಲು ಮುಗಿಯುವ ತನಕ ಕೆಲಸ ಮಾಡಿದರು. ಮುನೀಂದ್ರ ನಿಂತೇ ಇದ್ದ. ನೂಲು ಮುಗಿದ ಮೇಲೆ ಎದುರಿನ ಅಂಗಡಿಯಿಂದ ಚಹಾ ಹೇಳಿದರು. ಅವನು ಕುಡಿಯುವ ತನಕ ಕಾದು, ‘ಭಾನುವಾರ ಬರ್ತೀನಿ’ ಎಂದಷ್ಟೇ ಹೇಳಿದರು.

ಬಂದರು. ಅವತ್ತು ಮೋಡ ಕವಿದಿತ್ತು, ಪಿಕ್ನಿಕ್ಕಿನವರು ಯಾರೂ ಇರಲಿಲ್ಲ. ಸಾಹೇಬರು ಅಂಗಿ ಕಳಚಿ ಮಡಿಸಿಟ್ಟು, ಬರಿ ಬೆನ್ನಿನಲ್ಲಿ ಮೆಟ್ಟಿಲು ಇಳಿದರು. ಎದೆಮಟ್ಟದ ನೀರಿಗೆ ಬಂದಾಗ ಒಂದು ಗಳಿಗೆ ನಿಂತರು. ಮುನೀಂದ್ರ ಜೊತೆಗೆ ಇಳಿಯಲು ಹೋದ, ಬೇಡವೆಂದು ಕೈ ತೋರಿಸಿದರು. ಆಮೇಲೆ ಮುಂದಕ್ಕೆ ಬಾಗಿ ನೀರಿಗೆ ಮೈ ಬಿಟ್ಟರು. ಮೊದಲ ನಾಲ್ಕು ಕೈ ಗಾಬರಿಯವು, ಐದನೆಯದು ಈಜು. ಕಲ್ಲಿನ ತೂಬಿನ ಕಂಬದ ತನಕ ಹೋದರು, ಕಂಬ ಮುಟ್ಟಿ ತಿರುಗಿ ಬಂದರು. ನಡುವೆ ಒಂದು ಕಡೆ ಅಂಗಾತ ಮಲಗಿ ಆಕಾಶ ನೋಡುತ್ತ ಬಹಳ ಹೊತ್ತು ತೇಲಿದರು. ಅದನ್ನು ಅವನು ಅವರಿಗೆ ಫೆಬ್ರವರಿಯಲ್ಲಿ ಹೇಳಿಕೊಟ್ಟದ್ದು. ಅಷ್ಟು ಚೆನ್ನಾಗಿ ಕಲಿತ ಇನ್ನೊಬ್ಬ ಶಿಷ್ಯ ತನಗೆ ಇರಲಿಲ್ಲ ಎಂದ ಮುನೀಂದ್ರ. ದಡದಲ್ಲಿ ನಿಂತು ಅತ್ತುಬಿಟ್ಟನಂತೆ.

ಮೇಲೆ ಬಂದು ಮೈ ಒರೆಸಿಕೊಳ್ಳುತ್ತಿದ್ದವರಿಗೆ ಟವೆಲಿನ ಇನ್ನೊಂದು ತುದಿ ಹಿಡಿದುಕೊಂಡು ಮುನೀಂದ್ರ ಹೇಳಿದ, ‘ತಪ್ಪಾಯ್ತು ಸಾಬ್ರೇ. ದಸರಾ ರಜಾ ಬರುತ್ತಲ್ಲ, ಆಗ ಭಟ್ಕಳಕ್ಕೆ ಹೋಗಿ. ಮಕ್ಕಳ ಜೊತೆ ಸಮುದ್ರಕ್ಕೆ ಇಳೀರಿ. ನೀವು ಯಾರಿಗೂ ಕಮ್ಮಿ ಇಲ್ಲ.’

ಸಾಹೇಬರು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

‘ಅವ್ರು ಭಟ್ಕಳದಲ್ಲಿ ಇಲ್ಲ. ಅಳಿಯನಿಗೆ ದುಬೈಲಿ ಕೆಲಸ ಸಿಕ್ತು. ಎಲ್ಲರದೂ ವೀಸಾ ಒಟ್ಟಿಗೆ ಬಂತು. ಜೂನ್‌ನಲ್ಲಿ ನಾಲ್ಕೇ ದಿನದಲ್ಲಿ ಬೊಂಬಾಯಿಗೆ ರೈಲು ಹತ್ತಿದ್ರು. ನನಗೆ ಹೋಗಿ ನೋಡೋಕೂ ಆಗಲಿಲ್ಲ, ಫೋನಲ್ಲೇ ಮಾತಾಡಿದೆ. ಮೂರು ವರ್ಷ ಅಗ್ರಿಮೆಂಟಂತೆ, ಆಮೇಲೆ ನೋಡ್ಬೇಕು. ಅದಕ್ಕೇ ನಾನು ಬರೋದು ನಿಲ್ಲಿಸಿದ್ದು. ಇನ್ನು ಈಜು ಕಲಿತು ಏನ್ ಮಾಡ್ಲಿ ಅಂತ.’

ಅವಮಾನದಿಂದ ಬಿಟ್ಟದ್ದಲ್ಲ, ಬೇಸತ್ತು ಬಿಟ್ಟದ್ದೂ ಅಲ್ಲ. ಮೇ ತಿಂಗಳಿನ ಆ ರಜೆಯೊಂದೇ ಅವರ ಕೈಯಲ್ಲಿದ್ದದ್ದು. ಅದನ್ನು ತಾನು ಬಸ್ಸಾರು, ಮುದ್ದೆ ಹಾಕಿ ತನ್ನ ಜಗಲಿಯಲ್ಲಿ ಕೂರಿಸಿಕೊಂಡು ಕಳೆದುಬಿಟ್ಟಿದ್ದ. ಮುನೀಂದ್ರ ಅಲ್ಲೇ ಮೆಟ್ಟಿಲ ಮೇಲೆ ಕುಳಿತ.

ಸಾಹೇಬರೂ ಪಕ್ಕದಲ್ಲಿ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನೀರಿನ ಕಡೆ ನೋಡುತ್ತಲೇ, ‘ಒಂದು ಮಾತು ಹೇಳ್ತೀನಿ’ ಅಂದರು. ‘ಈಜು ಬಂದ್ರೆ ನಾನು ಬರಲ್ಲ ಅಂತ ನಿಮಗೆ ಯಾರು ಹೇಳಿದ್ದು? ಕಮರುನ್ನೀಸಾ ಹೋದ್ಮೇಲೆ ಭಾನುವಾರ ನನಗೆ ಇನ್ಯಾರಿದ್ರು? ಮೇ ತಿಂಗಳು ಊರಿಗೆ ಹೋಗಿ, ಜೂನ್‌ನಲ್ಲಿ ವಾಪಸ್ ಬಂದು, ಸಮುದ್ರದಲ್ಲಿ ಏನೇನಾಯ್ತು ಅಂತ ನಿಮಗೇ ಹೇಳ್ಬೇಕು ಅಂತಿದ್ದೆ. ಇನ್ಯಾರಿಗೆ ಹೇಳ್ಲಿ?’

ಇಬ್ಬರೂ ಉಣ್ಣಲಿಲ್ಲ. ಸಾಹೇಬರು ಎದ್ದಾಗ ಮುನೀಂದ್ರನೂ ಎದ್ದು ಬಸ್ಸು ನಿಲ್ಲುವ ಜಾಗದ ತನಕ ಜೊತೆಗೆ ನಡೆದ. ಬಸ್ಸು ಬಂತು. ಸಾಹೇಬರು ಹತ್ತಿ, ಕಿಟಕಿಯ ಪಕ್ಕ ಕುಳಿತು, ಅವನ ಕಡೆಗೇ ನೋಡಿದರು. ಏನೋ ಕೇಳುತ್ತಾನೆ ಎಂದು ಕಾಯುವವರಂತೆ ನೋಡಿದರಂತೆ. ಡ್ರೈವರು ಇಳಿದು ಹೋಗಿ ಚಹಾ ಕುಡಿದು ಬರುವಷ್ಟು ಹೊತ್ತು ಬಸ್ಸು ಅಲ್ಲೇ ನಿಂತಿತ್ತು.

‘ಮುಂದಿನ್ ಭಾನುವಾರ ಬರ್ತೀರಾ ಅಂತ ಕೇಳ್ಬೇಕಿತ್ತು ಆನಂದ್’ ಅಂದ ಮುನೀಂದ್ರ. ‘ಯಾವ ಮುಖ ಇಟ್ಕೊಂಡು ಕೇಳ್ಲಿ? ಕೇಳ್ಲಿಲ್ಲ. ಬಸ್ಸು ಹೋಯ್ತು.’

ಅವರು ಮತ್ತೆ ಬರಲಿಲ್ಲ. ಕೇಳಿದ್ದರೆ ಬರುತ್ತಿದ್ದರು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ, ಆದರೆ ಅದನ್ನು ನಾನು ಅವನಿಗೆ ಹೇಳಲಿಲ್ಲ.